ಗುರುವಿನ ಮುಂದೆ ನಡುಗುವ ಕೈ

ನಾನು ಸಿತಾರ್ ಕಲಿಯಲು ಶುರುಮಾಡಿ ಮೂರು ವರ್ಷವಾಯಿತು. ಸಿತಾರ್ ನಮ್ಮ ನಾನಾ ಅವರದು. ಅವರು ಯುವಕರಾಗಿದ್ದಾಗ ಮಿರಜ್‌ಗೆ ಹೋಗಿ ಕೊಂಡು ತಂದದ್ದು. ಮನೆಯಲ್ಲಿ ಒಬ್ಬಳೇ ಕುಳಿತು ನುಡಿಸಿದರೆ ಯಮನ್ ರಾಗದ ಗತ್ ತಪ್ಪಿಲ್ಲದೆ ಬರುತ್ತದೆ. ಆದರೆ ಭಾನುವಾರ ಬೆಳಿಗ್ಗೆ ಗುರುಗಳ ಎದುರು ಕುಳಿತರೆ ಸಾಕು, ಅಂಗೈ ಬೆವರುತ್ತದೆ, ಬೆರಳು ತಣ್ಣಗಾಗುತ್ತದೆ, ಒಂದು ತಂತಿಯನ್ನು ಮೀಟಲು ಹೋದರೆ ಮಿಜರಾಬ್ ಇನ್ನೊಂದಕ್ಕೆ ತಗಲುತ್ತದೆ. ನಮ್ಮ ಗುರುಗಳು ಬಯ್ಯುವವರಲ್ಲ. ಕಣ್ಣು ಮುಚ್ಚಿಕೊಂಡು ಕೇಳುತ್ತಾರೆ, ತಪ್ಪಿದಾಗ ಕಣ್ಣು ತೆರೆಯುತ್ತಾರೆ, ಅಷ್ಟೇ. ಆ ಕಣ್ಣು ತೆರೆಯುವುದೇ ನನಗೆ ಭಯ.

ಕಳೆದ ವರ್ಷ ಮಳೆಗಾಲದಲ್ಲಿ ಒಂದು ಭಾನುವಾರ ಒಂದೇ ಸಾಲನ್ನು ನಾಲ್ಕು ಸಲ ತಪ್ಪಿದೆ. ಮನೆಗೆ ಬಂದವಳೇ ಇನ್ನು ಸಿತಾರ್ ಬೇಡವೆಂದು ಅಮ್ಮಿಗೆ ಹೇಳಿಬಿಟ್ಟೆ. ಓದುವುದು ಬಹಳ ಇದೆ ಎಂಬ ನೆಪವನ್ನೂ ಹೇಳಿದೆ. ಅಮ್ಮಿ ಏನೂ ಹೇಳಲಿಲ್ಲ. ನಾನಾ ಮಾತ್ರ ಸಂಜೆ ನನ್ನನ್ನು ಹತ್ತಿರ ಕೂರಿಸಿಕೊಂಡು ಉಸ್ತಾದ್ ಅಲ್ಲಾವುದ್ದೀನ್ ಖಾನರ ಕಥೆ ಹೇಳಲು ಶುರುಮಾಡಿದರು. ಆಮೇಲೆ ಕಾಲೇಜಿನ ಗ್ರಂಥಾಲಯದಲ್ಲಿ ಹುಡುಕಿ ನಾನೂ ಅವರ ಬಗ್ಗೆ ಓದಿದೆ. ಪರೀಕ್ಷೆ, ಭಾಷಣ, ಸಂದರ್ಶನ ಎಂದು ನಮ್ಮಲ್ಲಿ ಎಲ್ಲರಿಗೂ ಒಂದಲ್ಲ ಒಂದು ಕಡೆ ಕೈ ನಡುಗುತ್ತದೆ. ಹಾಗಾಗಿ ಅವರ ಬದುಕನ್ನು ಇಲ್ಲಿ ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಅಲ್ಲಾವುದ್ದೀನ್ ಖಾನರು ಹುಟ್ಟಿದ್ದು ಈಗಿನ ಬಾಂಗ್ಲಾದೇಶದ ಬ್ರಾಹ್ಮಣಬಾರಿಯಾ ಸೀಮೆಯ ಶಿಬ್‌ಪುರ ಎಂಬ ಹಳ್ಳಿಯಲ್ಲಿ. ತಂದೆ ಸಿತಾರ್ ಬಲ್ಲವರು, ಅಣ್ಣ ಅಫ್ತಾಬುದ್ದೀನ್ ಹಲವು ವಾದ್ಯ ನುಡಿಸುತ್ತಿದ್ದವರು. ಹುಡುಗನಿಗೆ ಶಾಲೆಗಿಂತ ಸಂಗೀತದ ಮೇಲೆ ಆಸೆ. ಚಿಕ್ಕ ವಯಸ್ಸಿನಲ್ಲೇ ಮನೆ ಬಿಟ್ಟು ಓಡಿಹೋಗಿ ಬಂಗಾಳದ ಜಾತ್ರಾ ನಾಟಕ ತಂಡವೊಂದನ್ನು ಸೇರಿಕೊಂಡರು. ಹಳ್ಳಿಯ ಬಾವುಲ್, ಭಟಿಯಾಲಿ ಹಾಡುಗಳು ಅಲ್ಲೇ ಅವರ ಕಿವಿಗೆ ಬಿದ್ದವು.

ಮುಂದೆ ಕಲ್ಕತ್ತಾದಲ್ಲಿ ನೂಲೋ ಗೋಪಾಲ್ ಎಂಬ ಗಾಯಕರ ಶಿಷ್ಯರಾದರು. ಗುರುಗಳು ಹಾಕಿದ ಷರತ್ತು ಕೇಳಿದರೆ ನಮಗೆ ಆಶ್ಚರ್ಯವಾಗುತ್ತದೆ. 12 ವರ್ಷ ಬರೀ ಸ್ವರಸಾಧನೆ, ಆಮೇಲೆ ರಾಗ. ಹುಡುಗ ಒಪ್ಪಿಕೊಂಡ. ಸುಮಾರು ಏಳು ವರ್ಷ ಕಳೆಯುವಷ್ಟರಲ್ಲಿ ಗುರುಗಳು ಪ್ಲೇಗ್‌ನಿಂದ ತೀರಿಕೊಂಡರು. ಆ ದುಃಖದಲ್ಲಿ ಅಲ್ಲಾವುದ್ದೀನ್ ಹಾಡುವುದನ್ನು ಬಿಟ್ಟು ವಾದ್ಯಗಳ ಕಡೆ ತಿರುಗಿದರು. ಗೋವಾ ಮೂಲದ ಬ್ಯಾಂಡ್ ಮಾಸ್ತರ್ ಲೋಬೋ ಅವರಿಂದ ಪಿಟೀಲು, ಹಜಾರಿ ಉಸ್ತಾದರಿಂದ ಶಹನಾಯಿ ಕಲಿತರು. ತಬಲಾ, ಪಖವಾಜ್ ಕೂಡ ಅಭ್ಯಾಸ ಮಾಡಿದರು. ಹೊಟ್ಟೆಪಾಡಿಗೆ ನಾಟಕ ಕಂಪನಿಯಲ್ಲಿ ವಾದ್ಯ ನುಡಿಸಿದರು.

ಇಷ್ಟೆಲ್ಲ ಬಂದ ಮೇಲೆ ಯಾರಿಗಾದರೂ ಸ್ವಲ್ಪ ಜಂಬ ಬರುವುದು ಸಹಜ. ಅವರಿಗೂ ಬಂತು. ಮುಕ್ತಾಗಾಛಾ ಎಂಬ ಊರಿನ ಜಮೀನ್ದಾರರು ಸಂಗೀತಪ್ರಿಯರೆಂದು ಕೇಳಿ, ತಮ್ಮ ವಿದ್ಯೆ ತೋರಿಸಲು ಅಲ್ಲಿಗೆ ಹೋದರು. ಅಲ್ಲಿ ಉಸ್ತಾದ್ ಅಹ್ಮದ್ ಅಲಿ ಖಾನರು ಸರೋದ್ ನುಡಿಸುತ್ತಿದ್ದರು. ಅದನ್ನು ಕೇಳಿದೊಡನೆ ಅಲ್ಲಾವುದ್ದೀನರಿಗೆ ತಾವು ಕಲಿತದ್ದು ಏನೇನೂ ಅಲ್ಲ ಎನಿಸಿತು. ಅಂಥ ಸಮಯದಲ್ಲಿ ನಾನಾಗಿದ್ದರೆ ನಾಚಿಕೊಂಡು ಊರಿಗೆ ಬಸ್ಸು ಹತ್ತುತ್ತಿದ್ದೆ. ಅವರು ಹಾಗೆ ಮಾಡಲಿಲ್ಲ. ಅಹ್ಮದ್ ಅಲಿಯವರ ಕಾಲು ಹಿಡಿದು ಶಿಷ್ಯನಾಗಿ ಸೇರಿಸಿಕೊಳ್ಳಿ ಎಂದು ಬೇಡಿದರು. ಗುರುಗಳ ಅಡಿಗೆ, ಮನೆಗೆಲಸ ಎಲ್ಲ ಮಾಡುತ್ತ ಸರೋದ್ ಕಲಿತರು.

ಅಲ್ಲಿಂದ ಅವರು ಮುಟ್ಟಿದ್ದು ರಾಂಪುರ. ಅಲ್ಲಿನ ನವಾಬ್ ಹಮೀದ್ ಅಲಿ ಖಾನರ ಆಸ್ಥಾನದಲ್ಲಿ ತಾನ್‌ಸೇನರ ವಂಶದ ಉಸ್ತಾದ್ ವಜೀರ್ ಖಾನರಿದ್ದರು. ರುದ್ರವೀಣೆಯಲ್ಲಿ ಅವರದು ಬಹಳ ದೊಡ್ಡ ಹೆಸರು. ನವಾಬರೂ ಅವರ ಶಿಷ್ಯರೇ. ಬಡ ಬಂಗಾಳಿ ಹುಡುಗನನ್ನು ಕಾವಲುಗಾರರು ಬಾಗಿಲ ಬಳಿಗೂ ಬಿಡಲಿಲ್ಲ. ತಿಂಗಳುಗಟ್ಟಲೆ ಅಲೆದು ಸಾಕಾಗಿ, ಕೊನೆಗೆ ಒಂದು ದಿನ ನವಾಬರ ಸವಾರಿ ಬರುವಾಗ ಅಡ್ಡ ಹೋಗಿ ನಿಂತು ಅರ್ಜಿ ಕೊಟ್ಟರು ಎನ್ನುತ್ತಾರೆ. ನವಾಬರು ಸಿಟ್ಟಾಗುವ ಬದಲು ಅರಮನೆಗೆ ಕರೆಸಿ ನುಡಿಸಲು ಹೇಳಿದರು. ಒಂದು ಕ್ಷಣ ಯೋಚಿಸಿ ನೋಡಿ. ಎದುರಿಗೆ ನವಾಬರು. ಚೆನ್ನಾಗಿ ಬಂದರೆ ಬದುಕು, ತಪ್ಪಿದರೆ ಮತ್ತೆ ಬೀದಿ. ಅವರು ಸರೋದ್ ನುಡಿಸಿದರು, ಪಿಟೀಲನ್ನೂ ನುಡಿಸಿದರು. ನವಾಬರು ಮೆಚ್ಚಿ ವಜೀರ್ ಖಾನರನ್ನೇ ಕರೆಸಿ, ಕೈಗೆ ದಾರ ಕಟ್ಟಿಸಿ ಶಿಷ್ಯನನ್ನಾಗಿ ಮಾಡಿಸಿದರು.

ಕಥೆ ಇಲ್ಲಿಗೆ ಸುಖವಾಗಿ ಮುಗಿಯಬೇಕಿತ್ತು. ಆದರೆ ಆಮೇಲೆ ಸುಮಾರು ಎರಡೂವರೆ ವರ್ಷ ವಜೀರ್ ಖಾನರು ಅವರಿಗೆ ಒಂದು ಪಾಠವನ್ನೂ ಹೇಳಲಿಲ್ಲ. ಶಿಷ್ಯ ದಿನವೂ ಬಂದು ಸೇವೆ ಮಾಡಿ ಹೋಗುತ್ತಿದ್ದ, ಆಸ್ಥಾನದ ಬೇರೆ ಕಲಾವಿದರು ನುಡಿಸುವುದನ್ನು ಕೇಳಿ ಕಲಿಯುತ್ತಿದ್ದ. ಊರಿನಿಂದ ಬಂದ ಸುದ್ದಿಯೊಂದರಿಂದ ಶಿಷ್ಯನ ಮನೆಯವರ ಕಷ್ಟ ತಿಳಿದಾಗ ಗುರುಗಳ ಮನಸ್ಸು ಕರಗಿತು. ಅಂದಿನಿಂದ ತಮ್ಮ ಮನೆತನದ ವಿದ್ಯೆಯನ್ನು ಮನಬಿಚ್ಚಿ ಕಲಿಸಿದರು.

ಮುಕ್ತಾಗಾಛಾಕ್ಕೆ ಹೋದದ್ದು, ರಾಂಪುರಕ್ಕೆ ಹೋದದ್ದು ಒಬ್ಬರೇ ಮನುಷ್ಯ. ಮೊದಲನೆಯ ಸಲ ತೋರಿಸಲು ಹೋದರು, ಎರಡನೆಯ ಸಲ ಕೇಳಲು ಹೋದರು. ಇದನ್ನು ಓದಿದಾಗ ನನ್ನ ಭಾನುವಾರಗಳು ನೆನಪಾದವು. ನಾನು ಗುರುಗಳ ಮನೆಗೆ ಕಲಿಯಲು ಹೋಗುತ್ತಿದ್ದೇನೆ ಅಂದುಕೊಂಡಿದ್ದೆ. ನಿಜವಾಗಿ ಹೋಗುತ್ತಿದ್ದದ್ದು ತೋರಿಸಲು.

1918ರ ಹೊತ್ತಿಗೆ ಅಲ್ಲಾವುದ್ದೀನ್ ಖಾನರು ಈಗಿನ ಮಧ್ಯಪ್ರದೇಶದ ಮೈಹರ್‌ನಲ್ಲಿ ನೆಲೆ ನಿಂತರು. ಅಲ್ಲಿನ ಮಹಾರಾಜ ಬ್ರಿಜನಾಥ್ ಸಿಂಗ್ ಅವರ ಶಿಷ್ಯರಾದರು. ಆ ಕಾಲದಲ್ಲಿ ಸಾಂಕ್ರಾಮಿಕ ರೋಗಕ್ಕೆ ಸಿಕ್ಕಿ ಎಷ್ಟೋ ಮನೆಗಳು ಬರಿದಾಗಿದ್ದವು. ಹಾಗೆ ಅನಾಥರಾದ ಮಕ್ಕಳನ್ನು ಕೂಡಿಸಿಕೊಂಡು ಖಾನ್ ಸಾಹೇಬರು ಮೈಹರ್ ಬ್ಯಾಂಡ್ ಕಟ್ಟಿದರು. ವಾದ್ಯವನ್ನೇ ಮುಟ್ಟಿರದ ಮಕ್ಕಳು ಅವರು. ಕೆಲವು ವಾದ್ಯಗಳನ್ನು ಖಾನ್ ಸಾಹೇಬರೇ ಹೊಸದಾಗಿ ಮಾಡಿಸಿದರು. ಬಂದೂಕಿನ ನಳಿಗೆಗಳನ್ನು ಬೇರೆ ಬೇರೆ ಅಳತೆಗೆ ಕತ್ತರಿಸಿ ಮಾಡಿದ ನಳತರಂಗ ಅದರಲ್ಲೊಂದು. ಕೊಲ್ಲಲು ಮಾಡಿದ ಕಬ್ಬಿಣದಿಂದ ಸ್ವರ ಹೊರಡಿಸಿದರು. ಆ ವಾದ್ಯವೃಂದ ಅವರ ಕಾಲದ ನಂತರವೂ ಉಳಿಯಿತು.

ಮೈಹರ್‌ನ ಜನ ಅವರನ್ನು ಬಾಬಾ ಎಂದು ಕರೆದರು. ಐದು ಹೊತ್ತಿನ ನಮಾಜ್ ಬಿಡದ ಬಾಬಾ, ಊರಿನ ಬೆಟ್ಟದ ಮೇಲಿನ ಶಾರದಾ ದೇವಿಯ ಬಗ್ಗೆಯೂ ಅಷ್ಟೇ ಗೌರವ ಇಟ್ಟುಕೊಂಡಿದ್ದರು. ಮಗಳಿಗೆ ಮನೆಯಲ್ಲಿ ರೋಶನಾರಾ ಎಂಬ ಹೆಸರಿದ್ದರೂ, ಮಹಾರಾಜರು ಇಟ್ಟ ಅನ್ನಪೂರ್ಣಾ ಎಂಬ ಹೆಸರೇ ಲೋಕಕ್ಕೆ ಪರಿಚಯವಾಯಿತು.

ಆದರೆ ಬಾಬಾ ಬಹಳ ಕೋಪಿಷ್ಠರು. ಈ ವಿಷಯ ಮುಚ್ಚಿಟ್ಟರೆ ಕಥೆ ಸುಳ್ಳಾಗುತ್ತದೆ. ಸ್ವರ ತಪ್ಪಿದರೆ ಶಿಷ್ಯರಿಗೆ ಏಟು ಬೀಳುತ್ತಿತ್ತು. ಮಗ ಅಲಿ ಅಕ್ಬರ್‌ಗೂ ವಿನಾಯಿತಿ ಇರಲಿಲ್ಲ, ದಿನಕ್ಕೆ 18 ಗಂಟೆಯವರೆಗೂ ಅಭ್ಯಾಸ ಮಾಡಿಸುತ್ತಿದ್ದರಂತೆ. 1938ರಲ್ಲಿ ಯುರೋಪಿನ ವೇದಿಕೆಗಳನ್ನು ಬಿಟ್ಟು ಮೈಹರ್‌ಗೆ ಬಂದ ರವಿಶಂಕರ್ ಅವರ ಮೇಲೆ ಮಾತ್ರ ಬಾಬಾ ಕೈ ಮಾಡಲಿಲ್ಲ. ಅವರ ತಾಯಿಗೆ ಮಗನನ್ನು ನೋಡಿಕೊಳ್ಳುವುದಾಗಿ ಮಾತು ಕೊಟ್ಟಿದ್ದರು. ಆದರೂ ಒಮ್ಮೆ ಗಟ್ಟಿಯಾಗಿ ಗದರಿದಾಗ ರವಿಶಂಕರ್ ಪೆಟ್ಟಿಗೆ ಕಟ್ಟಿಕೊಂಡು ಹೊರಟೇಬಿಟ್ಟಿದ್ದರು. ಅಲಿ ಅಕ್ಬರ್ ತಡೆದರು, ಬಾಬಾ ಸಮಾಧಾನವಾದರು. ಅಂದು ಅವರು ಹೋಗಿದ್ದರೆ ಸಿತಾರ್‌ನ ಚರಿತ್ರೆಯೇ ಬೇರೆಯಾಗುತ್ತಿತ್ತು. ಆ ಏಟುಗಳನ್ನು ನಾನು ಮೆಚ್ಚುವುದಿಲ್ಲ. ಹೊಡೆತದಿಂದಲೇ ವಿದ್ಯೆ ಬರುವುದಾದರೆ ಹೊಡೆತ ತಿಂದವರೆಲ್ಲ ಉಸ್ತಾದರಾಗಬೇಕಿತ್ತು.

ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದು ಅನ್ನಪೂರ್ಣಾ ಅವರ ಕಥೆ. ಬಾಬಾ ಹಿರಿಯ ಮಗಳಿಗೆ ಸಂಗೀತ ಕಲಿಸಿದ್ದರು. ಗಂಡನ ಮನೆಯಲ್ಲಿ ಅದರಿಂದಲೇ ಆಕೆ ನೋವು ಅನುಭವಿಸಬೇಕಾಯಿತು. ಹಾಗಾಗಿ ಕಿರಿಯ ಮಗಳಿಗೆ ಕಲಿಸುವುದು ಬೇಡವೆಂದು ಬಾಬಾ ತೀರ್ಮಾನಿಸಿದ್ದರು. ಒಂದು ದಿನ ಪಾಠ ಕೊಟ್ಟು ಬಾಬಾ ಹೊರಗೆ ಹೋಗಿದ್ದರು. ಅಲಿ ಅಕ್ಬರ್ ಅಭ್ಯಾಸ ಮಾಡುತ್ತಿದ್ದರು. ಆಟವಾಡುತ್ತಿದ್ದ ಪುಟ್ಟ ಅನ್ನಪೂರ್ಣಾಗೆ ಅಣ್ಣ ತಪ್ಪು ನುಡಿಸುತ್ತಿರುವುದು ಗೊತ್ತಾಯಿತು. ಆಟ ನಿಲ್ಲಿಸಿ, ಬಾಬಾ ಹೇಳಿಕೊಟ್ಟದ್ದು ಹೀಗಲ್ಲ ಎಂದು ಹಾಡಿ ತೋರಿಸಿದಳು. ತಿರುಗಿ ನೋಡಿದರೆ ಬಾಬಾ ಹಿಂದೆಯೇ ನಿಂತಿದ್ದಾರೆ! ಹುಡುಗಿಗೆ ಕೈಕಾಲು ಆಡಲಿಲ್ಲ. ಏಟು ಬೀಳುತ್ತದೆ ಎಂದುಕೊಂಡಳು. ಬಾಬಾ ಒಳಗೆ ಕರೆದುಕೊಂಡು ಹೋಗಿ ತಂಬೂರಿ ಕೈಗೆ ಕೊಟ್ಟರು. ಮುಂದೆ ಆಕೆ ಸುರ್‌ಬಹಾರ್ ವಾದ್ಯದಲ್ಲಿ ದೇಶದ ದೊಡ್ಡ ಕಲಾವಿದೆಯಾದರು.

ಬಾಬಾ ನಿಂತದ್ದು ತಿಳಿದ ಮೇಲೆ ಆ ಹುಡುಗಿ ಹೆದರಿದಳು, ಆದರೆ ಹಾಡುವಾಗ ಹೆದರಲಿಲ್ಲ. ಯಾಕೆಂದರೆ ಆಗ ಅವಳ ಗಮನ ತನ್ನ ಮೇಲಿರಲಿಲ್ಲ. ಸ್ವರ ತಪ್ಪಿದೆ, ಅದು ಸರಿಯಾಗಬೇಕು, ಅಷ್ಟೇ ಇತ್ತು. ನಾನು ಗುರುಗಳ ಮುಂದೆ ಕುಳಿತಾಗ ನನ್ನ ಗಮನ ಸ್ವರದ ಮೇಲೆ ಇರುತ್ತಿರಲಿಲ್ಲ. ಅವರು ನನ್ನನ್ನು ಏನೆಂದುಕೊಳ್ಳುತ್ತಾರೋ ಎಂಬುದರ ಮೇಲೆ ಇರುತ್ತಿತ್ತು.

ಬಾಬಾ ಅವರಿಗೆ 1952ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1958ರಲ್ಲಿ ಪದ್ಮಭೂಷಣ, 1971ರಲ್ಲಿ ಪದ್ಮವಿಭೂಷಣ ಬಂದವು. 1972ರ ಸೆಪ್ಟೆಂಬರ್ 6ರಂದು ಮೈಹರ್‌ನಲ್ಲೇ ತೀರಿಕೊಂಡರು. ಅಲಿ ಅಕ್ಬರ್, ರವಿಶಂಕರ್, ಅನ್ನಪೂರ್ಣಾ ದೇವಿ, ಕೊಳಲಿನ ಪನ್ನಾಲಾಲ್ ಘೋಷ್, ಸಿತಾರ್‌ನ ನಿಖಿಲ್ ಬ್ಯಾನರ್ಜಿ, ಎಲ್ಲರೂ ಅವರ ಮುಂದೆ ಕುಳಿತು ಕಲಿತವರೇ. ಆ ಪರಂಪರೆ ನಮ್ಮ ಕರ್ನಾಟಕಕ್ಕೂ ಬಂದಿದೆ. ಮೈಸೂರಿನಲ್ಲಿ ನೆಲೆಸಿ 2024ರಲ್ಲಿ ತೀರಿಕೊಂಡ ಸರೋದ್ ವಾದಕ ರಾಜೀವ ತಾರಾನಾಥರು ಅಲಿ ಅಕ್ಬರ್ ಖಾನರ ಶಿಷ್ಯರು.

ನಾನಾ ಕಥೆ ಹೇಳಿದ ಮುಂದಿನ ಭಾನುವಾರ ನಾನು ಮತ್ತೆ ಗುರುಗಳ ಮನೆಗೆ ಹೋದೆ. ಚೆನ್ನಾಗಿ ಬರುವುದನ್ನು ಮೊದಲು ನುಡಿಸುವುದು ನನ್ನ ಅಭ್ಯಾಸ. ಅಂದು ಹಾಗೆ ಮಾಡಲಿಲ್ಲ. ಬಾರದ ಆ ಸಾಲನ್ನೇ ಮೊದಲು ನುಡಿಸಿ, ಇದು ನನಗೆ ಬರುತ್ತಿಲ್ಲ, ಎಲ್ಲಿ ತಪ್ಪುತ್ತಿದ್ದೇನೆ ಎಂದು ಕೇಳಿದೆ. ಕೈ ನಡುಗುತ್ತಲೇ ಇತ್ತು. ಗುರುಗಳು ಕಣ್ಣು ತೆರೆದರು. ಅವರು ತಮ್ಮ ಸಿತಾರ್ ಎತ್ತಿಕೊಂಡು ಅದೇ ಸಾಲನ್ನು ಅರ್ಧ ವೇಗದಲ್ಲಿ ನುಡಿಸಿ ತೋರಿಸಿದರು. ಜೊತೆಯಲ್ಲಿ ನಾನೂ ನುಡಿಸಿದೆ. ಹತ್ತು ಹದಿನೈದು ಸಲ ಆದ ಮೇಲೆ ಸಾಲು ಸರಿಯಾಯಿತು. ಕೈ ನಡುಗುವುದು ಯಾವಾಗ ನಿಂತಿತೋ ನನಗೆ ಗೊತ್ತೇ ಆಗಲಿಲ್ಲ.

ಈಗಲೂ ಮೊದಲ ಎರಡು ನಿಮಿಷ ಅಂಗೈ ಬೆವರುತ್ತದೆ. ದುಪಟ್ಟಾಕ್ಕೆ ಒರೆಸಿಕೊಂಡು ಶುರುಮಾಡುತ್ತೇನೆ. ಸ್ನೇಹಿತರೇ, ನಿಮಗೂ ಗುರುಗಳ ಮುಂದೆ ಭಯವಾದರೆ, ನಿಮಗೆ ಬಾರದ ಒಂದು ವಿಷಯವನ್ನು ಆಯ್ದುಕೊಂಡು ಹೋಗಿ ಅದನ್ನೇ ಮೊದಲು ಕೇಳಿ ನೋಡಿ.

– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಕಲಾ ವಿಭಾಗ