ಎಲ್ಸಾಳ ಸಾಕುತಾಯಿ ಜಾಯ್ ಆಡಮ್ಸನ್

ಒಂದು ಸಿಂಹಿಣಿಯ ಹೆಸರಿನಿಂದ ಲೋಕಕ್ಕೆ ಪರಿಚಿತಳಾದ ಮಹಿಳೆಯೊಬ್ಬಳ ಜೀವನವನ್ನು ನಮ್ಮ ವಿದ್ಯಾರ್ಥಿಮಿತ್ರರಿಗೆ ಇಲ್ಲಿ ತಿಳಿಸಬೇಕೆಂದಿದ್ದೇವೆ. ಆಕೆಯೇ ಜಾಯ್ ಆಡಮ್ಸನ್. 1910ನೆಯ ಇಸವಿ ಜನವರಿ 20ರಂದು, ಅಂದು ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯಕ್ಕೆ ಸೇರಿದ್ದ ಟ್ರೊಪ್ಪಾವ್ ಎಂಬ ಪಟ್ಟಣದಲ್ಲಿ ಆಕೆಯ ಜನನವಾಯಿತು. ಆ ಪಟ್ಟಣವು ಒಪಾವಾ ಎಂಬ ಹೆಸರಿನಿಂದ ಇಂದು ಚೆಕ್ ಗಣರಾಜ್ಯದಲ್ಲಿದೆ. ತಂದೆತಾಯಿಗಳು ಇಟ್ಟ ಹೆಸರು ಫ್ರೀಡೆರಿಕೆ ವಿಕ್ಟೋರಿಯಾ ಗೆಸ್ನರ್. ವಿಯೆನ್ನಾ ನಗರದಲ್ಲಿ ಸಂಗೀತವನ್ನೂ ಶಿಲ್ಪಕಲೆಯನ್ನೂ ಅಭ್ಯಾಸ ಮಾಡಿದ ಈ ತರುಣಿ 1937ರಲ್ಲಿ ಆಫ್ರಿಕದ ಕೆನ್ಯಾಕ್ಕೆ ಬಂದಳು. ಬಂದವಳು ಅಲ್ಲಿಯವಳೇ ಆಗಿಹೋದಳು. ಅಲ್ಲಿನ ಗಿಡಬಳ್ಳಿಗಳ ಹೂಗಳನ್ನೂ, ನಾನಾ ಬುಡಕಟ್ಟುಗಳ ಜನರನ್ನೂ ಆಕೆ ಚಿತ್ರಿಸಿದಳು. 1944ರಲ್ಲಿ ಜಾರ್ಜ್ ಆಡಮ್ಸನ್ನನನ್ನು ವಿವಾಹವಾದಳು. ಈ ಜಾರ್ಜ್ ಹುಟ್ಟಿದುದು ನಮ್ಮ ದೇಶದ ಇಟಾವಾದಲ್ಲಿ, 1906ರಲ್ಲಿ. ಕೆನ್ಯಾದ ಉತ್ತರದ ಗಡಿನಾಡಿನಲ್ಲಿ ವನ್ಯಮೃಗಗಳ ಸಂರಕ್ಷಣಾಧಿಕಾರಿಯಾಗಿದ್ದ ಆತನ ಮನೆ ಇಸಿಯೊಲೊ ಎಂಬ ಊರಿನಲ್ಲಿತ್ತು.

1956ನೆಯ ಇಸವಿ ಫೆಬ್ರವರಿ 1ರಂದು ಜಾರ್ಜನು ನರಭಕ್ಷಕ ಸಿಂಹವೊಂದನ್ನು ಅರಸುತ್ತ ಹೋಗಿದ್ದನು. ಆಗ ಒಂದು ಸಿಂಹಿಣಿಯು ಅವನ ಮೇಲೆ ಎರಗಿ ಬಂದಿತು. ಪ್ರಾಣರಕ್ಷಣೆಗಾಗಿ ಗುಂಡು ಹಾರಿಸದೆ ಗತ್ಯಂತರವಿರಲಿಲ್ಲ. ಅದು ಸತ್ತುಬಿದ್ದ ಮೇಲೆ ಅದರ ರೋಷದ ಕಾರಣವು ತಿಳಿದುಬಂತು: ಹತ್ತಿರದ ಬಂಡೆಯ ಸಂದಿನಲ್ಲಿ ಎಳೆಯ ಮರಿಗಳು ಮೂರು! ತಾಯಿಯನ್ನು ಕೊಂದ ಕೈಗಳೇ ಮರಿಗಳನ್ನು ಎತ್ತಿ ತಂದು ಜಾಯ್‌ಳ ಮಡಿಲಿಗೆ ಹಾಕಿದವು.

ಮೊದಲೆರಡು ದಿನ ಮರಿಗಳು ಏನನ್ನೂ ಮುಟ್ಟಲಿಲ್ಲ. ಆಮೇಲೆ ಹಾಲು ಕುಡಿಯತೊಡಗಿದವು. ಜಾಯ್ ಸಾಕಿದ್ದ ಪಾಟಿ ಎಂಬ ಪ್ರಾಣಿಯೊಂದು ಅವುಗಳಿಗೆ ದಾದಿಯಾಯಿತು. ಹೈರಾಕ್ಸ್ ಜಾತಿಯ, ಬಂಡೆಗಳಲ್ಲಿ ವಾಸಿಸುವ, ಮೊಲದಷ್ಟು ಗಾತ್ರದ ಜೀವಿ ಅದು. ಮನೆಯ ತೋಟದ ಆಳಾಗಿದ್ದ ನೂರು ಎಂಬಾತನು ಸಿಂಹಗಳ ಪಾಲಕನಾದನು. ಜಾಯ್‌ಳ ಕೀರ್ತಿಯನ್ನು ಹಾಡುವವರು ಈ ನೂರುವನ್ನು ಮರೆಯುವುದುಂಟು, ನಾವು ಮರೆಯಲಾರೆವು.

ಮರಿಗಳು ಐದು ತಿಂಗಳಿನವಾದಾಗ ಮೂರನ್ನೂ ಸಾಕುವುದು ಅಸಾಧ್ಯವೆಂದು ತೋರಿತು. ದೊಡ್ಡವೆರಡನ್ನು ಹಾಲೆಂಡಿನ ರಾಟರ್‌ಡ್ಯಾಮ್ ನಗರದ ಮೃಗಾಲಯಕ್ಕೆ ಕಳುಹಿಸಿದರು. ಎಲ್ಲಕ್ಕೂ ಚಿಕ್ಕದಾಗಿದ್ದ ಎಲ್ಸಾ ಮನೆಯಲ್ಲಿಯೇ ಉಳಿದಳು. ಪ್ರಾಣಿಗಳನ್ನು ನಪುಂಸಕಲಿಂಗದಲ್ಲಿ ಹೇಳುವುದು ನಮ್ಮ ವ್ಯಾಕರಣದ ಪದ್ಧತಿ. ಆದರೆ ಎಲ್ಸಾಳ ವಿಷಯದಲ್ಲಿ ಆ ಸೂತ್ರವನ್ನು ಪಾಲಿಸಲು ನಮಗೆ ಮನಸ್ಸು ಬಾರದು, ವಾಚಕರು ಕ್ಷಮಿಸಬೇಕು. ಅವಳು ಲ್ಯಾಂಡ್‌ರೋವರ್ ಗಾಡಿಯ ಮಾಡಿನ ಮೇಲೆ ಕುಳಿತು ಸವಾರಿ ಮಾಡುತ್ತಿದ್ದಳು, ಸಮುದ್ರದಲ್ಲಿ ಈಜಿದಳು, ಶಿಬಿರದ ಮಂಚದ ಮೇಲೆ ಮಲಗಿ ನಿದ್ರಿಸಿದಳು.

ಆದರೆ ಪೂರ್ಣವಾಗಿ ಬೆಳೆದ ಸಿಂಹಿಣಿಯನ್ನು ಜನವಸತಿಯ ನಡುವೆ ಬಿಟ್ಟಿರುವುದು ಹೇಗೆ? ಅಕ್ಕಂದಿರಂತೆ ಅವಳನ್ನೂ ಮೃಗಾಲಯಕ್ಕೆ ಕಳುಹಿಸುವುದು ಸುಲಭದ ದಾರಿಯಾಗಿತ್ತು. ಭಾನುವಾರಗಳಲ್ಲಿ ಬೈಕಲಾದ ರಾಣಿಬಾಗಿಗೆ ಹೋಗಿ, ಬೇಲಿಯಾಚೆಯ ಮೃಗಗಳನ್ನು ನೋಡಿ ಬೆಳೆದ ನಮಗೆ ಅದರಲ್ಲಿ ತಪ್ಪೇನೂ ತೋರಲಿಕ್ಕಿಲ್ಲ. ಜಾಯ್ ಒಪ್ಪಲಿಲ್ಲ. ಎಲ್ಸಾಳನ್ನು ಅವಳ ಕಾಡಿಗೇ ಮರಳಿಸಬೇಕೆಂದು ದಂಪತಿಗಳು ನಿಶ್ಚಯಿಸಿದರು.

ಇಲ್ಲಿಂದಲೇ ನಿಜವಾದ ಕಷ್ಟವು ಆರಂಭವಾಯಿತು. ಬೇಟೆಯನ್ನು ಹಿಡಿಯುವ ಬಗೆ, ಬೇರೆ ಸಿಂಹಗಳೊಡನೆ ಬಾಳುವ ಬಗೆ, ಇವನ್ನೆಲ್ಲ ಮರಿಗೆ ತಾಯಿ ಕಲಿಸಬೇಕು. ಎಲ್ಸಾಳಿಗೆ ತಾಯಿಯಿರಲಿಲ್ಲ. ಮಾಂಸವನ್ನು ತಂದುಕೊಡುತ್ತ ಹೋದರೆ ಅವಳು ಬೇಟೆಯನ್ನು ಕಲಿಯಳು. ಕೊಡದಿದ್ದರೆ ಉಪವಾಸ ಬೀಳುವಳು. 1958ರಲ್ಲಿ ಅವಳನ್ನು ದೂರದ ಕಾಡೊಂದಕ್ಕೆ ಒಯ್ದರು. ಜಾರ್ಜನು ಬೇಟೆಯಾಡಿದ ಪ್ರಾಣಿಯನ್ನು ಅವಳ ಮುಂದಿಟ್ಟು, ಆಮೇಲೆ ಕೆಲವು ದಿನ ಅವಳೊಬ್ಬಳನ್ನೇ ಬಿಟ್ಟು ಹೋಗಿ ಬರುತ್ತಿದ್ದರು. ಹಿಂದಿರುಗಿದಾಗ ಅವಳು ಹಸಿದು ಕಾಯುತ್ತಿರುವುದನ್ನು ಕಾಣುವರು. ಕೊನೆಗೆ ಅವಳು ಜ್ವರದಿಂದ ಬಳಲಿ ಎಲುಬುಗೂಡಾದಳು. ಆ ಪ್ರಯತ್ನವನ್ನು ಕೈಬಿಟ್ಟು, ಶುಶ್ರೂಷೆ ಮಾಡಿ ಅವಳನ್ನು ಉಳಿಸಿಕೊಂಡರು. ಬಳಿಕ ಮೇರು ಪ್ರದೇಶದಲ್ಲಿ, ಊರಾ ನದಿಯ ತೀರದಲ್ಲಿ ಮೊದಲಿನಿಂದ ಪಾಠವನ್ನು ಆರಂಭಿಸಿದರು. ಈ ಬಾರಿ ಎಲ್ಸಾ ತಾನೇ ಬೇಟೆಯಾಡಿದಳು. ಕಾಡಿನ ಸಿಂಹವೊಂದರ ಸಂಗಾತಿಯಾದಳು. 1959ರ ಡಿಸೆಂಬರಿನಲ್ಲಿ ಮೂರು ಮರಿಗಳಿಗೆ ತಾಯಿಯಾದಳು. ಕೆಲವು ವಾರಗಳ ತರುವಾಯ ಆ ಮರಿಗಳನ್ನು ಕರೆದುಕೊಂಡು ಶಿಬಿರಕ್ಕೆ ಬಂದಳು. ಅವಕ್ಕೆ ಜೆಸ್ಪಾ, ಗೋಪಾ, ಪುಟ್ಟ ಎಲ್ಸಾ ಎಂದು ಹೆಸರಾಯಿತು. ಎತ್ತಿ ಮುದ್ದಿಸಬೇಕೆಂಬ ಆಸೆ ಜಾಯ್‌ಳಿಗೆ ಇರಲಿಲ್ಲವೆಂದಲ್ಲ. ಅವು ಕಾಡಿನವಾಗಿಯೇ ಬೆಳೆಯಲೆಂದು ಆಕೆ ತನ್ನ ಕೈಯನ್ನು ಹಿಂದೆಗೆದುಕೊಂಡಳು. ಆಕೆಯ ಜೀವನದಲ್ಲಿ ನಮ್ಮನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೆಳೆಯುವುದು ಈ ಸಂಯಮವೇ.

1960ರಲ್ಲಿ ಈ ಕಥೆಯನ್ನೆಲ್ಲ ಹೇಳುವ ಬಾರ್ನ್ ಫ್ರೀ ಎಂಬ ಆಕೆಯ ಗ್ರಂಥವು ಪ್ರಕಟವಾಗಿ ಹಲವು ಭಾಷೆಗಳಿಗೆ ಅನುವಾದವಾಯಿತು. ಆದರೆ 1961ರ ಜನವರಿ 24ರಂದು ಎಲ್ಸಾ ತೀರಿಕೊಂಡಳು. ಉಣುಗುಗಳಿಂದ ಹರಡುವ ರೋಗವೊಂದು ಅವಳ ರಕ್ತವನ್ನು ಸೇರಿತ್ತು. ಇನ್ನೂ ಐದು ವರ್ಷ ತುಂಬಿರಲಿಲ್ಲ. ಕೊನೆಯ ಗಳಿಗೆಯಲ್ಲಿ ಜಾರ್ಜನು ಬಳಿಯಲ್ಲಿದ್ದನು. ಜಾಯ್ ಬಂದು ಸೇರುವಷ್ಟರಲ್ಲಿ ಎಲ್ಲವೂ ಮುಗಿದಿತ್ತು.

ಈಗ ಎಲ್ಸಾಳ ಮಕ್ಕಳೇ ತಬ್ಬಲಿಗಳಾದವು. ಬೇಟೆಯ ವಿದ್ಯೆ ಪೂರ್ತಿ ಕೈಗೂಡದ ಅವು ಹಳ್ಳಿಗಳ ಆಡುಗಳ ಮೇಲೆ ಬಿದ್ದವು. ಹಳ್ಳಿಗರು ಬಾಣ ಬಿಟ್ಟರು. ಒಂದು ಬಾಣ ಜೆಸ್ಪಾನ ಮೈಯಲ್ಲಿ ನೆಟ್ಟಿತು. ಹಳ್ಳಿಗರನ್ನು ದೂರುವಂತಿಲ್ಲ, ಆಡುಗಳೇ ಅವರ ಐಶ್ವರ್ಯ. ಆಡಮ್ಸನ್ ದಂಪತಿಗಳು ಮೂರು ಮರಿಗಳನ್ನೂ ಹಿಡಿದು, ಅಂದಿನ ಟಾಂಗಾನ್ಯಿಕಾದ ಸೆರೆಂಗೆಟಿ ಬಯಲಿಗೆ ಒಯ್ದು ಬಿಟ್ಟರು. ಬಾಣದ ಗಾಯದ ಚಿಂತೆಯಿಂದ ಜಾಯ್ ತಿಂಗಳುಗಟ್ಟಲೆ ಜೆಸ್ಪಾನನ್ನು ಹುಡುಕುತ್ತ ಆ ಬಯಲಿನಲ್ಲಿ ಅಲೆದಳು. ಅವನು ಮತ್ತೆ ಆಕೆಯ ಕಣ್ಣಿಗೆ ಬೀಳಲಿಲ್ಲ.

ಗ್ರಂಥಗಳಿಂದ ಬಂದ ಹಣವನ್ನು ಆಕೆ ವನ್ಯಪ್ರಾಣಿಗಳ ರಕ್ಷಣೆಗೆ ವಿನಿಯೋಗಿಸಿದಳು. ಮುಂದೆ ಪಿಪ್ಪಾ ಎಂಬ ಚೀತಾವನ್ನೂ, ಬಳಿಕ ಪೆನ್ನಿ ಎಂಬ ಚಿರತೆಯನ್ನೂ ಹೀಗೆಯೇ ಕಾಡಿನ ಬಾಳಿಗೆ ಹಚ್ಚಿದಳು. ಎರಡೂ ಕಾಡಿನಲ್ಲಿ ಮರಿಗಳನ್ನು ಹೆತ್ತವು.

ಆಕೆಯನ್ನು ದೋಷರಹಿತಳೆಂದು ನಾವು ಚಿತ್ರಿಸಲಾರೆವು. ಮುಂಗೋಪಿಯಾದ ಆಕೆಗೆ ಮೃಗಗಳೊಡನೆ ಇದ್ದ ತಾಳ್ಮೆ ಮನುಷ್ಯರೊಡನೆ ಇರಲಿಲ್ಲ. ಮನುಷ್ಯರ ಸಂಗದಲ್ಲಿ ಬೆಳೆದ ಸಿಂಹವು ಮನುಷ್ಯರಿಗೆ ಅಂಜದೆ ಅಪಾಯಕಾರಿಯಾಗುವುದೆಂದು ಎಚ್ಚರಿಸಿದವರೂ ಇದ್ದರು. ಆ ಮಾತು ಹುಸಿಯಾಗಲಿಲ್ಲ. 1971ರಲ್ಲಿ ಜಾರ್ಜನ ಪಾಲನೆಯಲ್ಲಿದ್ದ ಬಾಯ್ ಎಂಬ ಸಿಂಹವು ಅವನ ಸಹಾಯಕನನ್ನೇ ಕೊಂದಿತು. ಜಾರ್ಜನು ತನ್ನ ಕೈಯಾರೆ ಅದನ್ನು ಗುಂಡಿಟ್ಟು ಕೊಲ್ಲಬೇಕಾಯಿತು.

1980ರ ಜನವರಿ 3ರ ಸಂಜೆ, ಶಾಬಾ ಎಂಬಲ್ಲಿದ್ದ ತನ್ನ ಶಿಬಿರದ ಬಳಿ ಜಾಯ್ ಶವವಾಗಿ ದೊರೆತಳು. ಸಿಂಹವೇ ಆಕೆಯನ್ನು ಕೊಂದಿತೆಂದು ಮೊದಲು ಜಗತ್ತೆಲ್ಲ ಸುದ್ದಿಯಾಯಿತು. ಪರೀಕ್ಷಿಸಿದಾಗ ಅವು ಸಿಂಹದ ಉಗುರಿನ ಗಾಯಗಳಲ್ಲವೆಂದೂ ಆಯುಧದಿಂದಾದ ಗಾಯಗಳೆಂದೂ ತಿಳಿಯಿತು. ಆಕೆಯ ಬಳಿ ಹಿಂದೆ ಕೆಲಸಕ್ಕಿದ್ದ ತರುಣನೊಬ್ಬನಿಗೆ ನ್ಯಾಯಾಲಯವು ಶಿಕ್ಷೆ ವಿಧಿಸಿತು. 1989ರ ಆಗಸ್ಟ್ 20ರಂದು ಜಾರ್ಜನೂ ಡಕಾಯಿತರ ಗುಂಡಿಗೆ ಬಲಿಯಾದನು.

ಜಾಯ್‌ಳ ಚಿತಾಭಸ್ಮವನ್ನು ಮೇರುವಿಗೆ ಒಯ್ದು, ಎಲ್ಸಾ ಮತ್ತು ಪಿಪ್ಪಾ ಮಣ್ಣಾಗಿದ್ದ ಸಮಾಧಿಗಳಿಗೆ ಹಂಚಿದರು.