ಕನ್ನಡ ಕುಲಪುರೋಹಿತ ಆಲೂರ ವೆಂಕಟರಾಯರು

ಇಪ್ಪತ್ತೈದು ವರ್ಷದ ತರುಣ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪಡೆದ ಬಿ.ಎ. ಪದವಿಯ ಮೇಲೆ ಮುಂಬಯಿಯಲ್ಲಿ ಓದಿ ಗಳಿಸಿದ ಕಾನೂನು ಪದವಿ, ಮುಂದೆ ಧಾರವಾಡದಲ್ಲಿ ವಕೀಲಿ. 1905ರ ಸುಮಾರಿಗೆ ಉತ್ತರ ಕರ್ನಾಟಕದ ಯಾವ ವೈದಿಕ ಮನೆತನವೂ ತನ್ನ ಮಗನಿಗಾಗಿ ಶ್ರೀಹರಿಯಲ್ಲಿ ಇದಕ್ಕಿಂತ ಹೆಚ್ಚಿನದನ್ನು ಬೇಡಿಕೊಳ್ಳುತ್ತಿದ್ದಿಲ್ಲ. ವಕೀಲಿಯೆಂದರೆ ಅಂದು ಹಣ, ಮಾನ, ಊರಿನಲ್ಲೊಂದು ದೊಡ್ಡ ಮನೆ. ಸರಕಾರಿ ನೌಕರಿಯ ಹಂಗಿಲ್ಲದ ಸ್ವತಂತ್ರ ವೃತ್ತಿಯೆಂದು ಅದಕ್ಕೆ ಹೆಸರು. ಆ ಸ್ವಾತಂತ್ರ್ಯವು ಕೈಗೆ ಬಂದ ಕೆಲವೇ ಕಾಲದಲ್ಲಿ ಅದನ್ನು ಬಿಟ್ಟುಕೊಟ್ಟು, ನಕಾಶೆಯಲ್ಲಿಯೇ ಇಲ್ಲದ ಒಂದು ನಾಡಿನ ಸೇವೆಗೆ ತಮ್ಮನ್ನು ತಾವೇ ಕಟ್ಟಿಹಾಕಿಕೊಂಡವರು ಆಲೂರ ವೆಂಕಟರಾಯರು. ಕನ್ನಡಿಗರು ಅವರನ್ನು ಕನ್ನಡ ಕುಲಪುರೋಹಿತರೆಂದು ಕರೆದು ಗೌರವಿಸಿದರು. ಬಿರುದು ಎಲ್ಲರಿಗೂ ಗೊತ್ತು. ಆ ಪೌರೋಹಿತ್ಯದ ಹಿಂದಿನ ಬಾಳು ಹೇಗಿತ್ತೆಂಬುದು, ಅದರಲ್ಲಿಯೂ ಹೊರನಾಡಿನಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ, ಅಷ್ಟಾಗಿ ತಿಳಿದಂತಿಲ್ಲ.

ವೆಂಕಟರಾಯರು 1880ನೆಯ ಇಸವಿಯ ಜುಲೈ 12ರಂದು ವಿಜಾಪುರದಲ್ಲಿ ಜನಿಸಿದರು. ತಂದೆ ಭೀಮರಾಯರು, ತಾಯಿ ಭಾಗೀರಥಮ್ಮನವರು. ಮಾಧ್ವ ಸಂಪ್ರದಾಯದ ಮನೆತನ. ಆಚಾರ, ಅನುಷ್ಠಾನ, ಏಕಾದಶಿ, ಪುರಾಣಶ್ರವಣಗಳ ನಡುವೆ ಬೆಳೆದ ಬಾಲಕ ಧಾರವಾಡದಲ್ಲಿ ಶಾಲಾಭ್ಯಾಸವನ್ನು ಮುಗಿಸಿ, ಆ ಸೀಮೆಯ ಬುದ್ಧಿವಂತ ಹುಡುಗರೆಲ್ಲ ಹಿಡಿಯುತ್ತಿದ್ದ ದಾರಿಯನ್ನೇ ಹಿಡಿದು ಪುಣೆಗೆ ನಡೆದನು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳು ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಉಚ್ಚ ಶಿಕ್ಷಣಕ್ಕೆ ಪುಣೆ, ಪದವಿಗೆ ಮುಂಬಯಿ, ಹೀಗೆ ಕಣ್ಣೆಲ್ಲ ಉತ್ತರದ ಕಡೆಗೇ ಇತ್ತು. ಮೈಸೂರು ಸಂಸ್ಥಾನವೆಂಬುದು ಧಾರವಾಡದವರಿಗೆ ಬೇರೊಂದು ರಾಜ್ಯ.

ಆಗಿನ ಪುಣೆಯೆಂದರೆ ಲೋಕಮಾನ್ಯ ಟಿಳಕರ ಪುಣೆ. ಕೇಸರಿ ಪತ್ರಿಕೆ, ಸಾರ್ವಜನಿಕ ಗಣೇಶೋತ್ಸವ, ಶಿವಾಜಿ ಉತ್ಸವಗಳಿಂದ ಊರಿನ ಗಾಳಿಯೇ ಬಿಸಿಯಾಗಿತ್ತು. ವೆಂಕಟರಾಯರು ಟಿಳಕರ ಅಭಿಮಾನಿಗಳಾದರು, ಕೊನೆಯವರೆಗೂ ಹಾಗೆಯೇ ಉಳಿದರು. ಆದರೆ ಪುಣೆಯು ಅವರಿಗೆ ಮತ್ತೊಂದನ್ನೂ ಕಲಿಸಿತು. ಅಲ್ಲಿನ ವಿದ್ಯಾರ್ಥಿಗೆ ತನ್ನ ಭಾಷೆ ಯಾವುದು, ತನ್ನ ಪೂರ್ವಜರು ಯಾರು, ಅವರು ಏನು ಮಾಡಿದರು ಎಂಬುದು ಬಾಯಿಪಾಠವಾಗಿತ್ತು. ಅದೇ ಪ್ರಶ್ನೆಯನ್ನು ಕನ್ನಡದ ವಿದ್ಯಾರ್ಥಿಗೆ ಹಾಕಿದರೆ ಉತ್ತರವೇ ಇರಲಿಲ್ಲ. ಮನೆಯಲ್ಲಿ ಕನ್ನಡವಾಡುವ ಅನೇಕ ಸುಶಿಕ್ಷಿತರು ಓದುವುದು ಮರಾಠಿ ಪತ್ರಿಕೆ, ನೋಡುವುದು ಮರಾಠಿ ನಾಟಕ, ಪತ್ರ ಬರೆಯುವುದು ಮರಾಠಿಯಲ್ಲಿ. ಇದಕ್ಕಾಗಿ ಮಹಾರಾಷ್ಟ್ರದವರನ್ನು ದೂರುವುದರಲ್ಲಿ ಅರ್ಥವಿರಲಿಲ್ಲ. ಅವರು ತಮ್ಮದನ್ನು ಪ್ರೀತಿಸಿದರು, ಕನ್ನಡಿಗರು ತಮ್ಮದನ್ನು ಮರೆತರು. ವೆಂಕಟರಾಯರ ಜೀವಮಾನದ ಕೆಲಸದಲ್ಲಿ ಮರಾಠಿಯ ಮೇಲಿನ ದ್ವೇಷಕ್ಕಿಂತ ಕನ್ನಡಿಗರ ಮರೆವಿನ ಮೇಲಿನ ಸಂಕಟವೇ ಹೆಚ್ಚಾಗಿ ಕಾಣುವುದು ಈ ಕಾರಣದಿಂದ.

1905ರಲ್ಲಿ ಅವರು ಆನೆಗುಂದಿಯ ಸಮೀಪದ ನವವೃಂದಾವನಕ್ಕೆ ಹೋದರು. ತುಂಗಭದ್ರೆಯ ನಡುಗಡ್ಡೆಯಲ್ಲಿ ಶ್ರೀ ವ್ಯಾಸರಾಜರೇ ಮೊದಲಾದ ಒಂಬತ್ತು ಯತಿವರೇಣ್ಯರ ವೃಂದಾವನಗಳಿರುವ ಆ ಕ್ಷೇತ್ರವನ್ನು ನಮ್ಮ ಓದುಗರಿಗೆ ಪರಿಚಯಿಸಬೇಕಾಗಿಲ್ಲ. ಯಾತ್ರೆಗೆಂದು ಹೋದವರು ಅಲ್ಲಿಂದ ಹಂಪಿಯನ್ನೂ ನೋಡಿದರು. ಮುರಿದ ಗೋಪುರಗಳು, ಬರಿದಾದ ಪೇಟೆಯ ಕಂಬಸಾಲುಗಳು, ಮುಳ್ಳುಕಂಟಿ ಬೆಳೆದ ಅರಮನೆಯ ನೆಲೆಗಟ್ಟುಗಳು, ಇವುಗಳ ಮಧ್ಯೆ ವಿರೂಪಾಕ್ಷನ ಗುಡಿಯೊಂದು ಪೂಜೆಗೊಳ್ಳುತ್ತಿತ್ತು. ವ್ಯಾಸರಾಜರು ಇದ್ದು ಬೆಳಗಿಸಿದ ರಾಜಧಾನಿ ಇದೇ ಎಂಬುದನ್ನು ಮಾಧ್ವ ಮನೆಯ ಮಗನು ಕೇಳಿ ತಿಳಿದಿದ್ದನು. ಆ ಸಾಮ್ರಾಜ್ಯ ತನ್ನದೂ ಹೌದು, ತಾನು ಅದರ ಹಕ್ಕುದಾರನೆಂಬ ಅರಿವು ಮಾತ್ರ ಆ ದಿನದವರೆಗೆ ಉಂಟಾಗಿರಲಿಲ್ಲ. ಆ ಭೇಟಿಯೇ ತಮ್ಮ ಬಾಳಿನ ತಿರುವೆಂದು ವೆಂಕಟರಾಯರು ಮುಂದೆ ತಾವೇ ದಾಖಲಿಸಿದ್ದಾರೆ.

ಆ ಸ್ಥಳದ ರಾಜಕೀಯ ಸ್ಥಿತಿಯನ್ನು ನೆನೆದರೆ ಅವರ ತಳಮಳ ಇನ್ನಷ್ಟು ಸ್ಪಷ್ಟವಾಗುತ್ತದೆ. ಧಾರವಾಡದಿಂದ ಹುಬ್ಬಳ್ಳಿ, ಗದಗ, ಕೊಪ್ಪಳಗಳ ಮೇಲೆ ಹೊಸಪೇಟೆಗೆ ಹೋಗುವ ಮೀಟರ್ ಗೇಜ್ ಮಾರ್ಗವನ್ನು ಸದರ್ನ್ ಮರಾಠಾ ರೈಲ್ವೆ ಕಂಪನಿಯು ಅದಾಗಲೇ ಹಾಕಿತ್ತು. ಒಟ್ಟು ದೂರ ನೂರಾಅರವತ್ತು ಕಿಲೋಮೀಟರಿನ ಆಸುಪಾಸು, ಒಂದೇ ಹಳಿ, ಒಂದೇ ಗಾಡಿ. ಆದರೆ ಗದಗದವರೆಗೆ ಮುಂಬಯಿ ಪ್ರಾಂತ, ಕೊಪ್ಪಳದಲ್ಲಿ ಹೈದರಾಬಾದ್ ನಿಜಾಮರ ಸೀಮೆ, ತುಂಗಭದ್ರೆಯ ಸೇತುವೆಯನ್ನು ದಾಟಿದರೆ ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆ. ಹೊರಗಿನ ನಿಲ್ದಾಣಗಳಲ್ಲಿ ಕೇಳಿಬರುವ ಮಾತು ಉದ್ದಕ್ಕೂ ಕನ್ನಡವೇ. ಕಚೇರಿಯ ವ್ಯವಹಾರ ಮಾತ್ರ ಒಂದೊಂದು ಕಡೆ ಒಂದೊಂದು ಬಗೆ. ನವವೃಂದಾವನದ ನಡುಗಡ್ಡೆಯ ಉತ್ತರದಂಡೆ ನಿಜಾಮರದು, ದಕ್ಷಿಣದಂಡೆ ಬ್ರಿಟಿಷರದು. ಇವಲ್ಲದೆ ಮೈಸೂರು, ಕೊಡಗು, ಸಂಡೂರು, ಸವಣೂರು, ಜಮಖಂಡಿ, ಮುಧೋಳ, ರಾಮದುರ್ಗ ಮುಂತಾಗಿ ಲೆಕ್ಕ ಹಾಕಿದರೆ ಕನ್ನಡಿಗರು ಇಪ್ಪತ್ತರ ಸುಮಾರು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಮೈಸೂರನ್ನು ಬಿಟ್ಟರೆ ಬಹುಮಟ್ಟಿಗೆ ಎಲ್ಲ ಕಡೆಯೂ ಮೂಲೆಗುಂಪು.

ಅದೇ ವರ್ಷ ಬಂಗಾಳದ ವಿಭಜನೆ ನಡೆದು ದೇಶವೆಲ್ಲ ಹೊತ್ತಿಕೊಂಡಿತು. ಸ್ವದೇಶಿ ಚಳವಳಿಗೆ ಧುಮುಕಿದ ವೆಂಕಟರಾಯರು ಕೋರ್ಟಿನ ಕಡೆಗೆ ಮತ್ತೆ ಹೊರಳಿ ನೋಡಲಿಲ್ಲ. ಮೇಲುನೋಟಕ್ಕೆ ಇದು ತರುಣರ ಉತ್ಸಾಹದಂತೆ ತೋರಬಹುದು. ಆ ದಿನಗಳಲ್ಲಿ ಅನೇಕರು ಹಾಗೆ ಬಿಟ್ಟರು, ಕೆಲವು ವರ್ಷಗಳ ಮೇಲೆ ಅನೇಕರು ಮರಳಿಯೂ ಬಂದರು. ವೆಂಕಟರಾಯರು ಮರಳಲಿಲ್ಲವೆಂಬುದೇ ಇಲ್ಲಿ ಗಮನಿಸತಕ್ಕ ಸಂಗತಿ. ಮುಂದಿನ ಐದು ದಶಕಗಳ ಕಾಲ ಅವರಿಗೆ ನಿಶ್ಚಿತವಾದ ವರಮಾನವೆಂಬುದು ಇದ್ದಂತೆ ಕಾಣುವುದಿಲ್ಲ. ಪತ್ರಿಕೆ, ಪುಸ್ತಕ, ಸಭೆ ಇವುಗಳಲ್ಲಿ ಹಣ ಬರುವುದಕ್ಕಿಂತ ಹೋಗುವುದೇ ಹೆಚ್ಚು.

ರಾ. ಹ. ದೇಶಪಾಂಡೆಯವರು 1890ರಲ್ಲಿ ಸ್ಥಾಪಿಸಿದ್ದ ಕರ್ನಾಟಕ ವಿದ್ಯಾವರ್ಧಕ ಸಂಘವು ಅವರ ಮೊದಲ ಕಾರ್ಯಕ್ಷೇತ್ರವಾಯಿತು. ಸಂಘದ ವಾಗ್ಭೂಷಣ ಪತ್ರಿಕೆಯನ್ನು ಅವರು ನಡೆಸಿದರು. ಕನ್ನಡದ ಗ್ರಂಥಕರ್ತರನ್ನು ಒಂದೆಡೆ ಕೂಡಿಸಲು ಶ್ರಮಿಸಿದರು. 1915ರಲ್ಲಿ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟುವುದಕ್ಕೆ ಉತ್ತರದ ಈ ತಳಮಳವೂ ಒಂದು ಪ್ರೇರಣೆ. ಇವೆಲ್ಲದರ ಜೊತೆಗೆ ಒಳಗೊಳಗೇ ಸಾಗಿದ್ದುದು ಇತಿಹಾಸದ ಅಧ್ಯಯನ. ಫ್ಲೀಟ್, ರೈಸ್, ಭಾಂಡಾರಕರ ಮೊದಲಾದ ವಿದ್ವಾಂಸರು ಶಾಸನಗಳನ್ನು ಓದಿ ಕನ್ನಡ ರಾಜವಂಶಗಳ ಚರಿತ್ರೆಯನ್ನು ಹೊರತೆಗೆದಿದ್ದರು. ಆದರೆ ಅದೆಲ್ಲ ಇಂಗ್ಲಿಷ್ ಗ್ರಂಥಗಳಲ್ಲಿ, ಪಂಡಿತರ ಕಪಾಟಿನಲ್ಲಿ ಇತ್ತು. ಯಾರ ಚರಿತ್ರೆಯೋ ಅವರಿಗೇ ಅದು ತಲುಪಿರಲಿಲ್ಲ. ವೆಂಕಟರಾಯರು ಹನ್ನೆರಡು ವರ್ಷಗಳಿಗೆ ಮಿಕ್ಕಿ ಇದನ್ನೆಲ್ಲ ಓದಿ ಅರಗಿಸಿಕೊಂಡು, 1917ರಲ್ಲಿ ಕರ್ನಾಟಕ ಗತವೈಭವ ಎಂಬ ಗ್ರಂಥವನ್ನು ಪ್ರಕಟಿಸಿದರು.

ಆ ಪುಸ್ತಕವು ಮಾಡಿದ ಕೆಲಸವನ್ನು ಇಂದು ಊಹಿಸಿಕೊಳ್ಳುವುದು ಕಷ್ಟ. ಉತ್ತರಾಪಥದ ಹರ್ಷವರ್ಧನನನ್ನು ತಡೆದು ನಿಲ್ಲಿಸಿದ ಇಮ್ಮಡಿ ಪುಲಕೇಶಿಯು ಬಾದಾಮಿಯವನು, ಎಲ್ಲೋರದ ಕೈಲಾಸ ದೇವಾಲಯವನ್ನು ಕೊರೆಯಿಸಿದ ಕೃಷ್ಣನು ಮಾನ್ಯಖೇಟವನ್ನಾಳಿದ ರಾಷ್ಟ್ರಕೂಟ ವಂಶದವನು ಎಂಬುದು ಈಗ ಶಾಲೆಯ ಮಕ್ಕಳಿಗೂ ಗೊತ್ತು. ಆಗ ಪದವೀಧರರಿಗೂ ಗೊತ್ತಿರಲಿಲ್ಲ. ಕದಂಬ, ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ, ವಿಜಯನಗರಗಳನ್ನು ಒಂದೇ ಸರದ ಮಣಿಗಳಂತೆ ಪೋಣಿಸಿ, ಇದು ನಿಮ್ಮ ಮನೆಯ ಆಸ್ತಿಯೆಂದು ಕೈಗಿತ್ತವರು ವೆಂಕಟರಾಯರು. ಗ್ರಂಥದಲ್ಲಿ ಭಾವಾವೇಶವು ಹೆಚ್ಚು, ಅರಸರ ಪರಾಕ್ರಮಕ್ಕೆ ಸಿಕ್ಕ ಸ್ಥಳ ಉಳುವವನ, ನೇಯುವವನ ಬದುಕಿಗೆ ಸಿಕ್ಕಿಲ್ಲ ಎಂಬ ಆಕ್ಷೇಪವು ನ್ಯಾಯವಾದದ್ದೇ. ಆದರೆ ಮೂರ್ಛೆಹೋದವನನ್ನು ಎಬ್ಬಿಸುವಾಗ ಮುಖಕ್ಕೆ ನೀರು ಚಿಮುಕಿಸುತ್ತಾರೆಯೇ ಹೊರತು ಪಥ್ಯದ ವಿಚಾರವನ್ನೆತ್ತುವುದಿಲ್ಲ.

ಈ ದಾರಿಯಲ್ಲಿ ಅವರಿಗೆ ಎದುರಾದ ಕಠಿಣ ಪ್ರಶ್ನೆ ಬಂದದ್ದು ಸ್ನೇಹಿತರ ಕಡೆಯಿಂದಲೇ. ಭರತಖಂಡವೆಲ್ಲ ಒಂದಾಗಿ ಪರಕೀಯರೊಡನೆ ಹೋರಾಡುತ್ತಿರುವಾಗ ಕರ್ನಾಟಕವೆಂಬ ಬೇರೊಂದು ಅಭಿಮಾನವೇಕೆ, ಇದು ಸಂಕುಚಿತ ಬುದ್ಧಿಯಲ್ಲವೇ ಎಂಬುದು ಆ ಪ್ರಶ್ನೆ. ಟಿಳಕರ ಅನುಯಾಯಿಯಾದವನಿಗೆ ಇದು ತಳ್ಳಿಹಾಕುವ ಮಾತಲ್ಲ. ವೆಂಕಟರಾಯರು ಇದಕ್ಕೆ ಉತ್ತರವನ್ನು ಹುಡುಕುತ್ತಲೇ ಬಾಳನ್ನು ಕಳೆದರೆಂದರೂ ಸಲ್ಲುವುದು. ಅವರ ಉತ್ತರಕ್ಕೆ ಅವರು ಇಟ್ಟ ಹೆಸರು ಕರ್ನಾಟಕತ್ವ. ತಾಯಿಯನ್ನು ಮರೆತವನು ಮನೆತನವನ್ನು ಬೆಳಗಿಸಲಾರನು. ಕನ್ನಡಿಗನು ಕನ್ನಡಿಗನಾಗಿಯೇ ಭಾರತೀಯನಾಗಬೇಕು, ಬೇರೆ ದಾರಿಯಿಲ್ಲ ಎಂಬುದು ಅದರ ತಿರುಳು.

ತತ್ತ್ವವಾದದ ಪರಿಚಯವುಳ್ಳವರಿಗೆ ಈ ನಿಲುವಿನ ಮೂಲವನ್ನು ಊಹಿಸುವುದು ಕಷ್ಟವಲ್ಲ. ಶ್ರೀಮದಾಚಾರ್ಯರು ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಂಗಡಿಸಿ, ಶ್ರೀಮನ್ನಾರಾಯಣನೊಬ್ಬನೇ ಸ್ವತಂತ್ರನೆಂದು ಸಾರಿದರು. ಜೀವರು ಅವನ ಅಧೀನರು. ಆದರೂ ಒಬ್ಬ ಜೀವನು ಇನ್ನೊಬ್ಬನಲ್ಲ, ಪ್ರತಿಯೊಬ್ಬನಿಗೂ ತನ್ನದೇ ಆದ ಸ್ವರೂಪವುಂಟು, ಮುಕ್ತಿಯಲ್ಲಿಯೂ ಅದು ಅಳಿಯುವುದಿಲ್ಲ. ವ್ಯಕ್ತಿಗೆ ಸಲ್ಲುವ ಈ ಮಾತು ಜನಾಂಗಕ್ಕೂ ಸಲ್ಲುವುದೆಂಬ ಭಾವವು ವೆಂಕಟರಾಯರ ಬರವಣಿಗೆಯ ಹಿಂದೆ ನಿಂತಂತಿದೆ. ದೊಡ್ಡದರಲ್ಲಿ ಕರಗಿ ಇಲ್ಲವಾಗುವುದು ಅವರಿಗೆ ಐಕ್ಯವಾಗಿ ಕಾಣಲಿಲ್ಲ. ಟಿಳಕರ ಗೀತಾರಹಸ್ಯವನ್ನು ಕನ್ನಡಕ್ಕೆ ತಂದವರು ಅವರೇ. ಟಿಳಕರ ಕರ್ಮಯೋಗವು ಅವರಿಗೆ ಪ್ರಿಯವಾಯಿತು. ಆದರೆ ಆ ಗ್ರಂಥದ ಅದ್ವೈತದ ತಳಹದಿಯಲ್ಲಿ ಅವರು ನಿಲ್ಲಲಿಲ್ಲ. ಗೀತೆಯ ಮೇಲೆ ತಾವೇ ಹಲವು ಪುಸ್ತಕಗಳನ್ನು ಬರೆದರು, ಆಚಾರ್ಯರ ಸಿದ್ಧಾಂತವನ್ನು ಪೂರ್ಣಬ್ರಹ್ಮವಾದವೆಂಬ ಹೆಸರಿನಲ್ಲಿ ಹೊಸ ಕಾಲದ ಓದುಗರಿಗೆ ವಿವರಿಸಿದರು. ಎಲ್ಲ ಪಂಡಿತರೂ ಆ ಹೆಸರನ್ನು ಒಪ್ಪಬೇಕೆಂದೇನೂ ಇಲ್ಲ. ಗುರುವಿನಂತೆ ಕಂಡವರ ಹಿಂದೆ ನಡೆದೂ ತನ್ನ ಸಿದ್ಧಾಂತವನ್ನು ಬಿಡದೆ ಇದ್ದ ಆ ನಿಷ್ಠುರತೆ ಅಪರೂಪದ್ದು.

ರಾಜಕೀಯದ ಕಡೆ ಕಾರ್ಯವು ನಿಧಾನವಾಗಿ ಸಾಗಿತು. 1916ರಲ್ಲಿ ಧಾರವಾಡದಲ್ಲಿ ಕರ್ನಾಟಕ ಸಭೆ ಹುಟ್ಟಿತು. 1920ರಲ್ಲಿ ವಿ. ಪಿ. ಮಾಧವರಾಯರ ಅಧ್ಯಕ್ಷತೆಯಲ್ಲಿ ಅದೇ ಊರಿನಲ್ಲಿ ಕೂಡಿದ ಪ್ರಥಮ ರಾಜಕೀಯ ಪರಿಷತ್ತು ಏಕೀಕರಣದ ಬೇಡಿಕೆಯನ್ನು ಮುಂದಿಟ್ಟಿತು. ವರ್ಷದ ಕೊನೆಗೆ ನಾಗಪುರದ ಕಾಂಗ್ರೆಸ್ ಅಧಿವೇಶನವು ಭಾಷಾನುಸಾರ ಪ್ರಾಂತಗಳ ತತ್ತ್ವವನ್ನು ತನ್ನ ಸಂಘಟನೆಯ ಮಟ್ಟಿಗೆ ಒಪ್ಪಿಕೊಂಡಿತು. 1922ರಲ್ಲಿ ವೆಂಕಟರಾಯರು ಜಯಕರ್ನಾಟಕ ಮಾಸಪತ್ರಿಕೆಯನ್ನಾರಂಭಿಸಿದರು. 1924ರಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಹುಯಿಲಗೋಳ ನಾರಾಯಣರಾಯರ ನಾಡಗೀತೆ ಮೊಳಗಿತು, ಅಲ್ಲಿಯೇ ಏಕೀಕರಣ ಪರಿಷತ್ತೂ ಸೇರಿತು. 1930ರಲ್ಲಿ ಮೈಸೂರಿನ ಸಾಹಿತ್ಯ ಸಮ್ಮೇಳನಕ್ಕೆ ವೆಂಕಟರಾಯರೇ ಅಧ್ಯಕ್ಷರಾದರು.

ಆದರೆ ಸಮಾಜವು ಅವರ ಕನಸಿನಂತೆ ಇರಲಿಲ್ಲ. ಏಕೀಕರಣವು ಬಹುಕಾಲ ಕೆಲವೇ ಸುಶಿಕ್ಷಿತರ, ಅದರಲ್ಲಿಯೂ ಬ್ರಾಹ್ಮಣರ ಮಾತಾಗಿ ಉಳಿದಿತ್ತು. ಇತರ ಸಮಾಜಗಳ ಮುಖಂಡರಿಗೆ ಅದರಲ್ಲಿ ತಮ್ಮ ಪಾಲೇನೆಂಬ ಸಂಶಯವಿತ್ತು. ಆ ಸಂಶಯವನ್ನು ಅವಿವೇಕವೆನ್ನಲಾಗದು. ಹಿಂದುಳಿದ ಉತ್ತರದ ಜಿಲ್ಲೆಗಳ ಭಾರವು ತಮ್ಮ ಮೇಲೆ ಬೀಳುವುದೆಂದು ಮೈಸೂರಿನ ಅನೇಕರು ಹಿಂಜರಿದರು. ಸ್ವರಾಜ್ಯ ಬಂದ ಮೇಲೂ ಏಕೀಕರಣ ಬರಲಿಲ್ಲ. ಆಂಧ್ರದ ರಚನೆಯಾದ 1953ರಲ್ಲಿ ಅದರಗುಂಚಿಯ ಶಂಕರಗೌಡ ಪಾಟೀಲರು ಉಪವಾಸ ಕುಳಿತು, ಹುಬ್ಬಳ್ಳಿಯಲ್ಲಿ ಜನ ಬೀದಿಗಿಳಿದರು. ಆಗ ಮಾತ್ರ ಅದು ಎಲ್ಲರ ಮಾತಾಯಿತು. ಆ ಹೊತ್ತಿಗೆ ವೆಂಕಟರಾಯರಿಗೆ ಎಪ್ಪತ್ತು ದಾಟಿತ್ತು, ಮುಂಚೂಣಿಯಲ್ಲಿ ಬೇರೆಯವರಿದ್ದರು. ತಾವು ಹಚ್ಚಿದ ದೀಪವನ್ನು ಇನ್ನೊಬ್ಬರು ಎತ್ತಿ ಹಿಡಿದಾಗ ಅಸೂಯೆಪಟ್ಟವರು ಸಾರ್ವಜನಿಕ ಜೀವನದಲ್ಲಿ ಕಡಿಮೆಯೇನಿಲ್ಲ. ವೆಂಕಟರಾಯರು ಗೀತೆಯ ಚಿಂತನೆಯಲ್ಲಿ, ಕರ್ನಾಟಕತ್ವದ ಬರಹದಲ್ಲಿ ಮಗ್ನರಾಗಿದ್ದರು.

1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದಾದವು. ರಾಜಧಾನಿಯಲ್ಲಿ ಸಮಾರಂಭ ನಡೆಯಿತು. ಎಪ್ಪತ್ತಾರು ವರ್ಷದ ಕುಲಪುರೋಹಿತರು ಹಂಪಿಗೆ ಹೋಗಿ ತಾಯಿ ಭುವನೇಶ್ವರಿಗೆ ಪೂಜೆ ಸಲ್ಲಿಸಿದರು. ಆನೆಗುಂದಿಯ ದಂಡೆಯೂ ಹಂಪಿಯ ದಂಡೆಯೂ ಅಂದಿನಿಂದ ಒಂದೇ ರಾಜ್ಯದವಾದವು. ಮಂತ್ರಿಪದವಿಯನ್ನಾಗಲಿ ಅಧಿಕಾರಸ್ಥಾನವನ್ನಾಗಲಿ ಅವರು ಪಡೆಯಲಿಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಕಾಸರಗೋಡುಗಳು ಹೊರಗುಳಿದವು, ಅವರು ಬಯಸಿದ ನಕಾಶೆ ಪೂರ್ತಿಯಾಗಲಿಲ್ಲ.

1964ರ ಫೆಬ್ರವರಿ 25ರಂದು ಧಾರವಾಡದಲ್ಲಿ ವೆಂಕಟರಾಯರು ಹರಿಪಾದವನ್ನು ಸೇರಿದರು. ಆಗಲೂ ರಾಜ್ಯದ ಹೆಸರು ಮೈಸೂರು ಎಂದೇ ಇತ್ತು. ಅದು ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ಅದಕ್ಕೆ 56 ವರ್ಷ ಮೊದಲೇ ಅವರು ಆ ಹೆಸರನ್ನು ತಮ್ಮ ಪುಸ್ತಕದ ಮುಖಪುಟದ ಮೇಲೆ ಅಚ್ಚು ಹಾಕಿಸಿದ್ದರು.