ನಾಡಿ ಹಿಡಿದ ಕೈ ಬರೆದಿಟ್ಟ ಸತ್ಯ

ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ನೀವು ಮೊದಲು ಹೋಗುವುದು ಪರಿಚಯದ ಡಾಕ್ಟರ ಬಳಿಗೆ. ನಿಮ್ಮ ಅಜ್ಜಿಯ ದಮ್ಮು, ಮಗುವಿನ ಕೆಮ್ಮು ಎಲ್ಲವೂ ಅವರಿಗೆ ಗೊತ್ತು. ಆದರೆ ವೈದ್ಯಕೀಯ ಸಂಶೋಧನೆ ಎಂದರೆ ದೊಡ್ಡ ಆಸ್ಪತ್ರೆಯವರ ಕೆಲಸ ಎಂದು ನಾವು ತಿಳಿದಿದ್ದೇವೆ. ಆ ತಿಳಿವಳಿಕೆಯನ್ನು ಸುಳ್ಳಾಗಿಸಿದವರು ಸರ್ ಜೇಮ್ಸ್ ಮೆಕೆಂಜಿ.

ಮೆಕೆಂಜಿಯವರು 1853ರಲ್ಲಿ ಸ್ಕಾಟ್ಲೆಂಡಿನ ಸ್ಕೋನ್‌ನಲ್ಲಿ ಒಂದು ರೈತ ಕುಟುಂಬದಲ್ಲಿ ಜನಿಸಿದರು. ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ಔಷಧಿ ಅಂಗಡಿಯಲ್ಲಿ ಕೆಲಸ ಕಲಿತರು. ಬಳಿಕ ಎಡಿನ್‌ಬರೋದಲ್ಲಿ ವೈದ್ಯಕೀಯ ಓದಿ, 1878ರಲ್ಲಿ ಪದವಿ ಪಡೆದರು. ಮರುವರ್ಷ ಇಂಗ್ಲೆಂಡಿನ ಬರ್ನ್ಲಿ ಪಟ್ಟಣಕ್ಕೆ ಬಂದು ಕುಟುಂಬ ವೈದ್ಯರಾದರು. ಹತ್ತಿ ಗಿರಣಿಯ ಕಾರ್ಮಿಕರು, ಗಣಿ ಕೆಲಸಗಾರರು, ಅವರ ಮಡದಿ ಮಕ್ಕಳು, ಇವರೇ ಅವರ ರೋಗಿಗಳು.

ಒಂದು ದಿನ ಹೆರಿಗೆಯ ಹೊತ್ತಿನಲ್ಲಿ ಒಬ್ಬ ಯುವತಿ ಅವರ ಕಣ್ಣೆದುರೇ ಹೃದಯ ಸೋತು ತೀರಿಕೊಂಡಳು. ಈ ಅಪಾಯವನ್ನು ತಾನು ಮೊದಲೇ ಅರಿಯಬಹುದಿತ್ತೇ ಎಂಬ ಪ್ರಶ್ನೆ ಮೆಕೆಂಜಿಯವರನ್ನು ಕಾಡತೊಡಗಿತು. ಪುಸ್ತಕಗಳಲ್ಲಿ ಉತ್ತರ ಸಿಗಲಿಲ್ಲ. ಆಗ ಅವರು ತಮ್ಮ ರೋಗಿಗಳಿಂದಲೇ ಕಲಿಯಲು ನಿಶ್ಚಯಿಸಿದರು.

ಹಗಲಿಡೀ ಮನೆಮನೆಗೆ ತಿರುಗುತ್ತಲೇ ಒಬ್ಬೊಬ್ಬರ ನಾಡಿಯನ್ನೂ ಪರೀಕ್ಷಿಸಿ ಬರೆದಿಟ್ಟರು. ಗಡಿಯಾರ ತಯಾರಕನೊಬ್ಬನ ನೆರವಿನಿಂದ, ಮಣಿಕಟ್ಟಿನ ನಾಡಿ ಮತ್ತು ಕತ್ತಿನ ರಕ್ತನಾಳದ ಮಿಡಿತಗಳನ್ನು ಒಟ್ಟಿಗೇ ಕಾಗದದ ಮೇಲೆ ಶಾಯಿಯಲ್ಲಿ ಗೀಚುವ ಯಂತ್ರವೊಂದನ್ನು ಮಾಡಿಸಿದರು. ಅದೇ ಪಾಲಿಗ್ರಾಫ್.

ಆಸ್ಪತ್ರೆಯ ವೈದ್ಯರು ರೋಗಿಯನ್ನು ಕಾಣುವುದು ಕೆಲವೇ ದಿನ. ಮೆಕೆಂಜಿಯವರಾದರೋ ಅದೇ ಜನರನ್ನು ಹತ್ತಿಪ್ಪತ್ತು ವರ್ಷ ಕಂಡರು. ಹಾಗಾಗಿಯೇ ಒಂದು ದೊಡ್ಡ ಸಂಗತಿ ಅವರಿಗೆ ತಿಳಿಯಿತು. ನಾಡಿ ಆಗಾಗ ಒಂದು ಮಿಡಿತ ತಪ್ಪಿದಂತೆ ಕಂಡ ಮಾತ್ರಕ್ಕೆ ಎಲ್ಲರೂ ಹೃದ್ರೋಗಿಗಳಲ್ಲ. ಅಂಥ ಅನೇಕರು ವರ್ಷಗಟ್ಟಲೆ ದುಡಿದು ಸುಖವಾಗಿ ಬಾಳಿದ್ದನ್ನು ಅವರು ಕಣ್ಣಾರೆ ನೋಡಿದ್ದರು. ಸುಮ್ಮನೆ ಹೆದರಿ ಹಾಸಿಗೆ ಹಿಡಿಯುತ್ತಿದ್ದವರಿಗೆ ಇದು ಎಂಥ ಬಿಡುಗಡೆ, ನೀವೇ ಯೋಚಿಸಿ! ಹೃದಯದ ಮೇಲಿನ ಕೋಣೆ ಸರಿಯಾಗಿ ಮಿಡಿಯದೆ ನಾಡಿ ಪೂರ್ತಿ ತಾಳ ತಪ್ಪುವ ಅಪಾಯದ ಸ್ಥಿತಿಯನ್ನೂ ಅವರು ಬೇರೆಯಾಗಿ ಗುರುತಿಸಿದರು. ಅಂಥವರಿಗೆ ಡಿಜಿಟಾಲಿಸ್ ಔಷಧ ಹೇಗೆ ನೆರವಾಗುತ್ತದೆಂದು ತೋರಿಸಿದರು.

1902ರಲ್ಲಿ ನಾಡಿಯನ್ನು ಕುರಿತ ಅವರ ಗ್ರಂಥ ಹೊರಬಂತು. 1907ರಲ್ಲಿ ಅವರು ಲಂಡನ್ನಿಗೆ ಹೋದರು. 1915ರಲ್ಲಿ ಸರ್ ಪದವಿಯೂ ದೊರೆಯಿತು. ಆದರೂ ರೋಗದ ಮೊದಲ ಚಿಹ್ನೆಗಳನ್ನು ಕಾಣಬಲ್ಲವರು ಕುಟುಂಬ ವೈದ್ಯರೇ ಎಂಬ ಅವರ ನಂಬಿಕೆ ಸಡಿಲಲಿಲ್ಲ. 1918ರಲ್ಲಿ ಲಂಡನ್ನಿನ ಸಂಪಾದನೆಯನ್ನು ಬಿಟ್ಟು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ಗೆ ಮರಳಿದರು. ಅಲ್ಲಿಯ ಸ್ಥಳೀಯ ವೈದ್ಯರನ್ನು ಕೂಡಿಸಿಕೊಂಡು ಸಂಶೋಧನಾ ಸಂಸ್ಥೆ ಕಟ್ಟಿದರು.

ಹೃದಯಕ್ಕಾಗಿ ದುಡಿದ ಅವರನ್ನು ಹೃದಯದ ಬೇನೆಯೇ ಬಹುಕಾಲ ಕಾಡಿತು. ತಮ್ಮ ಎದೆನೋವನ್ನೂ ಅವರು ಪಾಠವಾಗಿಸಿಕೊಂಡರು. 1925ರ ಜನವರಿ 26ರಂದು ತೀರಿಕೊಂಡಾಗ, ಅವರ ಇಚ್ಛೆಯಂತೆ ಅವರ ಹೃದಯವನ್ನು ಸಹ ವೈದ್ಯರು ಪರೀಕ್ಷಿಸಿದರು.

ಮುಂದಿನ ಸಲ ನಿಮ್ಮ ಡಾಕ್ಟರು ಹಳೆಯ ಚೀಟಿಗಳನ್ನು ಕೇಳಿದರೆ ಬೇಸರಿಸಬೇಡಿ. ಅವನ್ನು ಜೋಪಾನವಾಗಿಡಿ. ಮನೆಯವರ ಕಾಯಿಲೆಯ ಕಥೆಯನ್ನು ಮುಚ್ಚಿಡದೆ ಹೇಳಿ. ನಿಮ್ಮ ಮನೆಯ ಆ ಕಥೆ ನಾಳೆ ಇನ್ನೊಂದು ಮನೆಯ ತಾಯಿಯನ್ನು ಉಳಿಸಬಹುದು.